ಹತ್ತದ ಗುಡ್ಡ

"ಗುರುಗಳೇ, ಈ ಓಲೆಯಲ್ಲಿ ಒಂದು ಸಾಲನ್ನು ಹುಳು ತಿಂದಿದೆ. ಹಿಂದಿನ ಮುಂದಿನ ಸಾಲು ನೋಡಿ ನಾನೇ ಊಹಿಸಿ ತುಂಬಿಬಿಡಲೇ?" ಎಂದು ಶಿಷ್ಯ ಕೇಳಿದ. ಅವನು ನಲವತ್ತು ದಿನಗಳಿಂದ ಹಳೆಯ ವೈದ್ಯಗ್ರಂಥವೊಂದನ್ನು ಪ್ರತಿ ಮಾಡುತ್ತಿದ್ದ. ಬೆರಳುಗಳು ಮರಗಟ್ಟಿದ್ದವು.

"ಸಾಕಾಗಿದೆ ನಿನಗೆ, ಪಾಪ. ಕೂತುಕೋ," ಎಂದು ಗುರುಗಳು ಓಲೆಯನ್ನು ಕೈಗೆ ತೆಗೆದುಕೊಂಡು ಕಥೆ ಹೇಳತೊಡಗಿದರು.

ಒಬ್ಬ ಮೋಜಣಿದಾರನಿದ್ದ. ಘಟ್ಟದ ಸರ್ಕಾರಿ ಕಾಡನ್ನು ಅಳೆದು ನಕ್ಷೆ ಬರೆಯುವುದು ಅವನ ಕೆಲಸ. ಏಳು ವರ್ಷ ಗುಡ್ಡ ಹತ್ತಿದ, ಇಳಿದ. ಜಿಗಣೆಗೆ ರಕ್ತ ಕೊಟ್ಟ. ಕೊನೆಯ ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಮೊಣಕಾಲು ಬಾತುಕೊಂಡಿತ್ತು. ಮನಸ್ಸೂ ಸೋತಿತ್ತು. ಎದುರು ದಿಣ್ಣೆಯ ಮೇಲೆ ಕೂತು, ಮಂಜಿನಲ್ಲಿ ಕಂಡಷ್ಟು ನೋಡಿ, "ಹೀಗೇ ಇರುತ್ತದೆ ಬಿಡು" ಎಂದುಕೊಂಡು ಗೆರೆ ಎಳೆದ. ಗುಡ್ಡದ ಆಚೆಗೊಂದು ಕಾಲುದಾರಿಯನ್ನೂ ಚುಕ್ಕೆಯಿಟ್ಟು ತೋರಿಸಿದ. ಅವನನ್ನು ಬಯ್ಯಬೇಡ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ.

ನಕ್ಷೆ ಅಚ್ಚಾಗಿ ಕಚೇರಿಯ ಗೋಡೆ ಹತ್ತಿತು. ಇಪ್ಪತ್ತು ವರ್ಷ ಅದನ್ನೇ ನೋಡಿ ನೋಡಿ, ಅಳೆದದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಅವನಿಗೇ ಮರೆತುಹೋಯಿತು.

ಒಂದು ದಿನ ಸುದ್ದಿ ಬಂತು. ಕಾಡಿನಾಚೆ ಕಾವಲಿಗಿದ್ದ ತಮ್ಮನಿಗೆ ಜ್ವರ ತಲೆಗೇರಿದೆ, ಔಷಧ ಬೇಕು. ಮೋಜಣಿದಾರ ಔಷಧ ಕಟ್ಟಿಕೊಂಡ, ನಕ್ಷೆ ಮಡಚಿಕೊಂಡ, ಹೊರಟ.

ಆ ಕೊನೆಯ ಗುಡ್ಡದ ಬುಡದಲ್ಲಿ ಜೇನು ಕೀಳುವವಳೊಬ್ಬಳು ಸಿಕ್ಕಳು. "ಆ ಕಡೆ ಎಲ್ಲಿಗೆ ಸ್ವಾಮಿ? ಹೊಳೆ ಬಳಸಿ ಹೋಗಬೇಕು. ಬನ್ನಿ, ತೋರಿಸುತ್ತೇನೆ," ಎಂದಳು.

"ನಕ್ಷೆ ಇದೆ ತಾಯಿ. ಬರೆದವನೇ ನಾನು," ಎಂದ ಅವನು. ನಕ್ಷೆಯ ದಾರಿ ಹಿಡಿದು ಗುಡ್ಡ ಹತ್ತತೊಡಗಿದ.

ಸಂಜೆಯ ಹೊತ್ತಿಗೆ ಅವನು ನೆತ್ತಿ ಮುಟ್ಟಿದ. ಆಚೆಗೆ ದಾರಿಯಿರಲಿಲ್ಲ. ಕಡಿದಾದ ಬಂಡೆ, ಕೆಳಗೆ ಬರೀ ಪಾತಾಳ. ಅಂದಿನ ಮೊಣಕಾಲಿನ ನೋವು, ದಿಣ್ಣೆಯ ಮೇಲೆ ಕೂತು ಎಳೆದ ಗೆರೆ ಆಗ ನೆನಪಾದವು. ಬಂದ ದಾರಿಯಲ್ಲೇ ಇಳಿದು, ಹೊಳೆ ಬಳಸಿ, ಮೂರನೆಯ ದಿನ ಆಚೆ ತಲುಪಿದ. ತಮ್ಮನ ಚಿತೆ ಇನ್ನೂ ಆರಿರಲಿಲ್ಲ. ಔಷಧದ ಗಂಟನ್ನು ಕೈಯಲ್ಲೇ ಹಿಡಿದುಕೊಂಡು ಅವನು ಅತ್ತ.

ಶಿಷ್ಯನಿಗೆ ಸಂಕಟವಾಯಿತು. "ಕಾಲು ನಡೆಯುತ್ತಿರಲಿಲ್ಲವಲ್ಲ ಗುರುಗಳೇ. ಊಹಿಸದೆ ಅವನು ಇನ್ನೇನು ಮಾಡಬೇಕಿತ್ತು?"

ಗುರುಗಳು ಓಲೆಯನ್ನು ಅವನ ಕೈಗೆ ಹಿಂದಿರುಗಿಸಿದರು.

"ನಕ್ಷೆಯಲ್ಲಿ ಅಷ್ಟು ಜಾಗ ಖಾಲಿ ಬಿಟ್ಟಿದ್ದರೆ, ಅವತ್ತು ಅವನು ದಾರಿ ಕೇಳುತ್ತಿದ್ದ."