ಹಲ್ಲಿನಿಂದ ಬಿಗಿದ ಗೌರಿದಾರ

ದೀಪದ ಕುಡಿ ಸರಿಮಾಡಿ, ಕೈಯಲ್ಲಿ ಅಕ್ಷತೆ ಹಿಡಿದು ಕೇಳಿರಿ. ನಡುವೆ ಹಾಲು ಉಕ್ಕೀತೆಂದು ಏಳುವವರು ಈಗಲೇ ಹೋಗಿ ಇಳಿಸಿ ಬನ್ನಿರಮ್ಮ, ಕಥೆಯನ್ನು ಅರ್ಧಕ್ಕೆ ಬಿಡಬಾರದು.

ಮಲಪ್ರಭೆಯ ದಡದ ಒಂದೂರಿನಲ್ಲಿ ನೇಕಾರ ಸಂಗಪ್ಪನ ಹೆಂಡತಿ ಹೊನ್ನಾಜಿ ಎಂಬವಳಿದ್ದಳು. ತುಂಬಿದ ಮನೆಗೆ ಹಿರಿಸೊಸೆಯಾಗಿ ಬಂದವಳು, ಅತ್ತೆಯ ಕಷಾಯ, ಮೈದುನನ ಊಟ, ಮಗ್ಗದಲ್ಲಿ ಕಡಿದ ಎಳೆ ಕೂಡಿಸುವುದು, ಎಲ್ಲವನ್ನೂ ತಾನೇ ಹೊತ್ತು, ವಾರಗಿತ್ತಿ ನೀಲವ್ವ ಕೊಡ ಮುಟ್ಟಿದರೆ "ನಿನ್ನಿಂದಾಗದು ಬಿಡು" ಎಂದು ಕಸಿದುಕೊಂಡು, ಯಾರ ಹಂಗೂ ತನಗೆ ಬೇಡವೆಂದು ಬೀಗುತ್ತಿರಲಾಗಿ, ಮನೆಮಂದಿಗೆ ಸುಮ್ಮನೆ ಕೂರುವುದೇ ಅಭ್ಯಾಸವಾಯಿತು. ಉಪ್ಪಿನ ಗಡಿಗೆ ಎಲ್ಲಿದೆಯೆಂದು ಅವಳೊಬ್ಬಳನ್ನು ಬಿಟ್ಟರೆ ಮನೆಯ ಬೆಕ್ಕಿಗೂ ಗೊತ್ತಿರಲಿಲ್ಲ.

ಭಾದ್ರಪದದ ತದಿಗೆ ಬರಲು ಹೊನ್ನಾಜಿ ಗೌರಿಯನ್ನು ಕೂರಿಸಿ ಪೂಜಿಸಿದಳು. ಗೌರಿದಾರವನ್ನು ಇನ್ನೊಬ್ಬರ ಕೈಯಿಂದಲೇ ಕಟ್ಟಿಸಿಕೊಳ್ಳಬೇಕೆಂಬುದು ನೇಮ. ಅವಳೋ, ಒಬ್ಬರ ಮುಂದೆ ಕೈ ಚಾಚುವುದೇ ಎಂದು ಗೋಡೆಯ ಕಡೆ ತಿರುಗಿ, ಯಾರೂ ಕಾಣದಂತೆ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಬಲಗೈಗೆ ಗಂಟು ಬಿಗಿದಳು. ದಾರ ಎಂಜಲಾಯಿತು.

ಹಬ್ಬ ಕಳೆಯುವುದರೊಳಗೆ ಆ ಬಲಗೈ ಮರಗಟ್ಟಿತು. ಸೌಟು ಹಿಡಿಯದು, ಎಳೆ ಕೂಡಿಸದು. ಆ ಕೆಲಸಗಳನ್ನು ಬೇರೆ ಯಾರ ಕೈಗೂ ಅವಳು ಬಿಟ್ಟಿರಲಿಲ್ಲವಾಗಿ ಮಗ್ಗ ನಿಂತಿತು, ಒಲೆ ಆರಿತು, ಅತ್ತೆ ಕಷಾಯಕ್ಕೆ ಕಾದು ಕಾದು ಮಲಗಿದಳು. ಆದರೂ ಹೊನ್ನಾಜಿ ಬಾಯಿಬಿಟ್ಟು ಕೇಳಲೊಲ್ಲಳು. ತಾನು ನಿಂತರೆ ಮನೆ ಮುಳುಗೀತೆಂಬ ಭಯ, ಕೇಳಿದರೆ ತಾನು ಸಣ್ಣವಳಾದೇನೆಂಬ ನಾಚಿಕೆ, ಎರಡೂ ಹಿಂಡಲು ಹಿತ್ತಲಲ್ಲಿ ಕೂತು ಅತ್ತಳು.

ಅದನ್ನು ಕಂಡು ಮರುಗಿದ ಗೌರಿ, ಬಳೆ ಮಾರುವ ಮುದುಕಿಯಾಗಿ ಹಿತ್ತಲ ಬಾಗಿಲಿಗೆ ಬಂದಳು. ಹೊನ್ನಾಜಿ ಹಸಿರು ಬಳೆ ಆರಿಸಿ, ತಾನೇ ತೊಟ್ಟುಕೊಳ್ಳುವೆನೆಂದು ಹಟ ಹಿಡಿಯಲು, ಮುಟ್ಟಿದ್ದೆಲ್ಲ ಒಡೆಯಿತು.

ಮುದುಕಿ ನಕ್ಕು, "ಊರ ಹೆಂಗಸರೆಲ್ಲ ನನ್ನ ಮಡಿಲಲ್ಲಿ ಕೈಯಿಟ್ಟು ಬಳೆ ತೊಡುತ್ತಾರೆ, ಅದರಿಂದ ಯಾರು ಸಣ್ಣವರಾದರು ಮಗಳೇ? ಆ ಎಂಜಲು ಗಂಟು ಬಿಚ್ಚು. ಮನೆಯವರಿಂದ ಹೊಸದು ಕಟ್ಟಿಸಿಕೋ" ಎಂದವಳೇ ಬಳೆಗಳ ಸಮೇತ ಮಾಯವಾದಳು. ಯಾರೂ ಕಾಣದ ಗಂಟನ್ನು ಕಂಡವಳು ಯಾರೆಂದು ಹೊನ್ನಾಜಿಗೆ ಆಗ ತಿಳಿಯಿತು.

ಹೊಸ ದಾರಕ್ಕೆ ಅರಿಶಿನ ಹಚ್ಚಿಕೊಂಡು, ಯಾರನ್ನು ದಿನವೂ ಗದರುತ್ತಿದ್ದಳೋ ಆ ನೀಲವ್ವನ ಮುಂದೆಯೇ ನಿಂತು, ನೆಲ ನೋಡುತ್ತಾ, "ತಂಗೀ, ನನ್ನಿಂದಾಗದು. ಇದನ್ನು ಕಟ್ಟಿಕೊಡು" ಅಂದಳು.

ನೀಲವ್ವ ದಾರ ಕಟ್ಟಿ, ಹಿಡಿದ ಕೈ ಬಿಡದೆ, ಈ ಮಾತಿಗೆ ಎಷ್ಟು ಕಾಲದಿಂದ ಕಾದಿದ್ದೆನೆಂದು ಅತ್ತಳು. ಹೊನ್ನಾಜಿಯ ಬೆರಳುಗಳಲ್ಲಿ ಜೀವ ಆಡಿತು. ಅಂದಿನಿಂದ ನೀಲವ್ವ ಎಳೆ ಕೂಡಿಸಲು ಕಲಿತಳು, ಮೈದುನ ನೀರು ಸೇದಿದ, ಸಂಗಪ್ಪ ರೊಟ್ಟಿ ಬಡಿದು ಸೀಯಿಸಿದ. ಸೀದದ್ದಕ್ಕೇ ಬೆಣ್ಣೆ ಹಚ್ಚಿ ಎಲ್ಲರೂ ನಗುತ್ತಾ ತಿಂದರು. ಆ ಮನೆಗೆ ಬಂದ ಮೇಲೆ ಹೊನ್ನಾಜಿ ಕೂತು ಬಿಸಿಯದು ಉಂಡದ್ದು ಅದೇ ಮೊದಲು. ಮಗ್ಗದ ಸದ್ದು ಓಣಿಗೆಲ್ಲ ಕೇಳಿತು, ಆ ಮನೆಯ ಸೀರೆಗೆ ಊರೂರಿಂದ ಜನ ಬಂದರು.

ಈ ಕಥೆಯನ್ನು ಓದಿದವರಿಗೂ, ಮನಸ್ಸಿಟ್ಟು ಕೇಳಿದವರಿಗೂ, ಅಗೋ ಆ ಮೂಲೆಯಲ್ಲಿ ತೂಕಡಿಸಿದವರಿಗೂ ಗೌರಿ ಹೊನ್ನಾಜಿಗೆ ಕೊಟ್ಟ ಫಲವನ್ನೇ ಕೊಡಲಿ, ಹೊತ್ತ ಭಾರ ಹಂಚಿಹೋಗಲಿ. ಇನ್ನು ಅಕ್ಷತೆ ಹಾಕಿ, ಪಕ್ಕದವರ ಮುಂದೆ ಕೈ ಚಾಚಿರಿ. ನನ್ನ ದಾರವೂ ಇಲ್ಲೇ ಮಡಿಲಲ್ಲಿದೆ, ಯಾರಾದರೂ ಬಂದು ಕಟ್ಟಿರಮ್ಮ.