ಬೆಕ್ಕಿಗೆ ಹೇಂಟೆ ಹೇಳಿದ ಬುದ್ಧಿ

ಬೀಡಾಡಿ ಬೆಕ್ಕೊಂದಕ್ಕೆ ಮೈತುಂಬ ಕಜ್ಜಿಯಾಗಿತ್ತು. ಕರೆದರೆ ಬರದು, ಮುಟ್ಟಿದರೆ ಪರಚುವುದು. ಅದನ್ನು ದನದ ಡಾಕ್ಟರ ಬಳಿ ಒಯ್ಯಲೆಂದು ನಿಂಗಮ್ಮ ಅಂಗಳದಲ್ಲಿ ಮೀನಿನ ತಲೆ ಇಟ್ಟು, ಕೋಳಿ ಮುಚ್ಚುವ ಬುಟ್ಟಿ ಹಿಡಿದು ಕಾದಳು.

ಬೆಕ್ಕು ಹೇಂಟೆಯನ್ನು ಕೇಳಿತು: "ಅಕ್ಕಾ, ಆ ಬುಟ್ಟಿಯೊಳಗೆ ಹೋದವರ ಗತಿ ಏನು?"

"ಏನು ಹೇಳಲಿ ತಂಗಿ! ನನ್ನ ಒಡಹುಟ್ಟಿದವರೆಲ್ಲ ಅದರೊಳಗಿಂದಲೇ ಸಾರಿನ ಪಾತ್ರೆಗೆ ಹೋದರು. ಜೀವ ಬೇಕಿದ್ದರೆ ಓಡು!"

ಬೆಕ್ಕು ಬೇಲಿ ಹಾರಿತು. ಕಜ್ಜಿ ಉಲ್ಬಣಿಸಿ, ಕೆಲವು ವಾರಗಳ ಮೇಲೆ ಅದು ಮತ್ತೆ ಕಣ್ಣಿಗೆ ಬಿದ್ದದ್ದು ಬೇಲಿಯ ಬುಡದಲ್ಲಿ, ಹೆಣವಾಗಿ.

ಹೆಣದ ಮೇಲೆ ಮಣ್ಣು ಎಳೆಯುತ್ತ ನಿಂಗಮ್ಮ ಬೈದಳು: "ಡಾಕ್ಟರು ಒಂದು ಸೂಜಿ ಚುಚ್ಚಿದ್ದರೆ ವಾಸಿಯಾಗುತ್ತಿತ್ತಲ್ಲೇ ಮೂದೇವಿ, ಯಾಕೆ ಓಡಿದೆ?"

ಹೇಂಟೆ ಕೆದಕುವುದನ್ನು ನಿಲ್ಲಿಸಿತು. "ನಾನೇನೂ ಸುಳ್ಳು ಹೇಳಲಿಲ್ಲ," ಎಂದುಕೊಂಡಿತು. "ಆದರೆ ಕೇಳಿದ್ದು ಬೆಕ್ಕು. ನಾನು ಹೇಳಿದ್ದು ಕೋಳಿಯ ಕಥೆ."