ಅನ್ನದ ನಡುವಿನ ಗುಳಿ

"ಬುದ್ಧಿ, ಇರೋದೇ ಸಾಕು ಅಂತ ಇರೋದು ಸರಿಯೋ, ಅದಕ್ಕಿಂತ ಒಳ್ಳೇದು ಬಂದಾಗ ತಗೊಳ್ಳೋದು ಸರಿಯೋ?"

ಶಿವನಂಜಪ್ಪ ಹೀಗೆ ಕೇಳಿದಾಗ ಮಠದ ಗುರುಗಳು ನಕ್ಕರು. ಪ್ರಶ್ನೆ ಇಷ್ಟು ದೊಡ್ಡದಾಗಿ ಬಂದರೆ ಅದರ ಹಿಂದೆ ಯಾವುದೋ ಸಣ್ಣ ವಸ್ತು ಅಡಗಿರುತ್ತದೆಂದು ಅವರಿಗೆ ಗೊತ್ತಿತ್ತು. ವಸ್ತು ಯಾವುದೆಂದು ಕೇಳಿದರು. ಶಿವನಂಜಪ್ಪ ನಾಚಿಕೊಂಡೇ ಹೇಳಿದ. ಮನೆಯಲ್ಲಿ ಸಿನಿಮಾ ನೋಡುವ ಡಿವಿಡಿ ಪ್ಲೇಯರ್ ಹಳೆಯದಾಗಿದೆ. ಈಗ ಬ್ಲೂ-ರೇ ಎಂದು ಹೊಸದು ಬಂದಿದೆ, ಎಚ್‌ಡಿ ಅಂತೆ. ಅದರಲ್ಲಿ ಪಾತ್ರಧಾರಿಯ ಹುಬ್ಬಿನ ಕೂದಲು ಸಹ ಬಿಡಿಬಿಡಿಯಾಗಿ ಕಾಣುತ್ತದಂತೆ. ಹೆಂಡತಿ ಸರ್ವಮಂಗಳ ಮಾತ್ರ, ಓಡುತ್ತಿರುವ ಯಂತ್ರವನ್ನು ಅಟ್ಟಕ್ಕೆ ಯಾಕೆ ಹಾಕಬೇಕು ಎನ್ನುತ್ತಾಳೆ. ಯಾರ ಮಾತೂ ಗೆಲ್ಲದೆ, ಗುರುಗಳು ಹೇಳಿದಂತೆ ನಡೆಯುವುದೆಂದು ಒಪ್ಪಿಕೊಂಡು ಇಬ್ಬರೂ ಬೆಳಗ್ಗೆಯೇ ಬಸ್ಸು ಹತ್ತಿ ಬಂದಿದ್ದರು.

ಬಂದವಳೇ ಸರ್ವಮಂಗಳ ಗುರುಗಳಿಗೆ ನಮಸ್ಕರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಾಸೋಹದ ಅಡುಗೆಮನೆಗೆ ನಡೆದಿದ್ದಳು. ಮಠಕ್ಕೆ ಬಂದಾಗಲೆಲ್ಲ ಅವಳ ರೂಢಿ ಅದು. ಶಿವನಂಜಪ್ಪ ಮೊದಲ ಪಂಕ್ತಿಯಲ್ಲಿ ಪ್ರಸಾದ ಮುಗಿಸಿ, ಕೈ ತೊಳೆದು, ಗುರುಗಳ ಮುಂದೆ ಬಂದು ಕುಳಿತಿದ್ದ.

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನು ಹುಟ್ಟಿದ ಸ್ವಲ್ಪ ದಿನಕ್ಕೇ ತಾಯಿ ತೀರಿಕೊಂಡಿದ್ದಳು. ಅವನಿಗೊಬ್ಬಳು ಅಕ್ಕ. ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಈ ಕೂಸನ್ನು ಮಡಿಲಿಗೆ ಹಾಕಿಕೊಂಡಳು. ಸಾಕಿದಳು, ಓದಿಸಿದಳು, ಅಂಗಡಿ ಇಡಿಸಿದಳು, ಹೆಣ್ಣು ಹುಡುಕಿ ಮದುವೆಯನ್ನೂ ಮಾಡಿಸಿದಳು. ಅದಾಗಿ ಕೆಲವು ವರ್ಷಕ್ಕೆ, ಜ್ವರ ಎಂದು ಮಲಗಿದವಳು ಏಳಲಿಲ್ಲ. ತಾನು ಇದ್ದದ್ದಕ್ಕೂ ಹೋದದ್ದಕ್ಕೂ ಸದ್ದು ಮಾಡದ ಜೀವ ಅದು.

ವ್ಯಾಪಾರಿ ತನ್ನ ಮಗಳಿಗೆ ಅಕ್ಕನ ಹೆಸರನ್ನೇ ಇಟ್ಟಿದ್ದ. ಆ ಮಗು ಒಂದು ದಿನ ಕೇಳಿತು: "ಅಪ್ಪಾ, ನನ್ನ ಹೆಸರಿನ ಅತ್ತೆ ಹೇಗಿದ್ದಳು?"

ಅವನು ಹೇಳಲು ಹೋದ. ಅಕ್ಕನ ಸೀರೆಯ ಬಣ್ಣ ನೆನಪಿಗೆ ಬಂತು. ನಡೆಯುವಾಗ ಒಂದು ಕಡೆಗೆ ಸ್ವಲ್ಪ ವಾಲುತ್ತಿದ್ದದ್ದು ನೆನಪಿಗೆ ಬಂತು. ದನಿಯೂ ಬಂತು. ಮುಖ ಬರಲಿಲ್ಲ. ಕಣ್ಣು ಮುಚ್ಚಿ ನೋಡಿದ, ಆಗಲೂ ಬರಲಿಲ್ಲ. ಸಾಕಿದವಳ ಮುಖವೇ ಮರೆತುಹೋಯಿತೇ ಎಂದು ಅವನಿಗೆ ಭಯವಾಯಿತು. ಅಂಗಡಿಗೆ ಕಳ್ಳ ನುಗ್ಗಿದ್ದರೂ ಅವನು ಅಷ್ಟು ಹೆದರುತ್ತಿರಲಿಲ್ಲ.

ಮನೆಯನ್ನೆಲ್ಲ ಹುಡುಕಿದ. ಅಕ್ಕ ಫೋಟೋಗೆ ನಿಲ್ಲುವವಳಲ್ಲ. ಮತದಾರರ ಗುರುತಿನ ಚೀಟಿಯಲ್ಲೊಂದು ಚಿತ್ರವಿತ್ತು. ಆ ಚೀಟಿಯ ಚಿತ್ರದಲ್ಲಿ ಯಾರು ತಾನೇ ತಮ್ಮಂತೆ ಇರುತ್ತಾರೆ? ಅಕ್ಕ ಅದರಲ್ಲಿ ಬೇರೆ ಯಾರೋ ಆಗಿದ್ದಳು. ಉಳಿದದ್ದು ಅವನ ಮದುವೆಯ ವಿಡಿಯೋ ಡಿಸ್ಕ್ ಒಂದೇ.

ಆ ಡಿಸ್ಕನ್ನು ಮನೆಯವರೆಲ್ಲ ಎಷ್ಟೋ ಸಲ ನೋಡಿದ್ದರು. ನೋಡುವುದಕ್ಕೆ ಒಂದು ಕ್ರಮವೂ ಇತ್ತು. ಧಾರೆಯನ್ನು ಪೂರ್ತಿ ನೋಡುವರು, ಆರತಕ್ಷತೆಯಲ್ಲಿ ಯಾರು ಯಾವ ಉಡುಗೊರೆ ಕೊಟ್ಟರೆಂದು ನೋಡುವರು. ಊಟದ ಪಂಕ್ತಿ ಬಂದ ಕೂಡಲೇ ರಿಮೋಟಿನ ಗುಂಡಿ ಒತ್ತಿ ಓಡಿಸಿಬಿಡುವರು. ಬೇರೆಯವರು ಉಣ್ಣುವುದನ್ನು ಕುಳಿತು ನೋಡುವುದರಲ್ಲಿ ಏನಿದೆ? ಎಲ್ಲ ಮನೆಗಳಲ್ಲೂ ಮಾಡುವುದು ಇದನ್ನೇ.

ವ್ಯಾಪಾರಿ ಮತ್ತೆ ಡಿಸ್ಕ್ ಹಾಕಿದ. ಅಕ್ಕ ವೇದಿಕೆಯ ಮೇಲೆ ಇರಲಿಲ್ಲ. ಗಂಡನಿಲ್ಲದವಳು ಮುತ್ತೈದೆಯರ ಸಾಲಿಗೆ ಬರಬಾರದೆಂದು ತನಗೆ ತಾನೇ ವಿಧಿಸಿಕೊಂಡು ಹಿಂದೆ ಉಳಿದಿದ್ದಳು. ಬಾ ಎಂದು ಕರೆದವರೂ ಇಲ್ಲ. ಮಂಟಪದ ಹಿಂದೆ ಒಮ್ಮೆ ಬಿಂದಿಗೆ ಹಿಡಿದು ಹಾದುಹೋದಳು. ಬಾಗಿಲ ಬಳಿ ಯಾರಿಗೋ ಏನೋ ಕೊಟ್ಟು ತಿರುಗಿದಳು. ಎರಡು ಕಡೆಯೂ ಮುಖ ಕಲಸಿಹೋಗಿತ್ತು. ಒದ್ದೆ ಕೈಯಲ್ಲಿ ರಂಗೋಲಿ ಒರೆಸಿದಂತೆ ಇತ್ತು.

ತಪ್ಪು ಯಂತ್ರದ್ದು ಎಂದು ವ್ಯಾಪಾರಿ ತೀರ್ಮಾನಿಸಿದ. ಯಂತ್ರ ಹಳೆಯದು, ಅದಕ್ಕೇ ಮಸುಕು. ಹೊಸದು ತಂದರೆ ಅಕ್ಕನ ಮುಖ ಕಾಣುತ್ತದೆ. ಪಾತ್ರೆ ಹೊಳೆಯಬೇಕಾದರೆ ಹುಣಸೆಹಣ್ಣು ಹಾಕಿ ಉಜ್ಜಬೇಕು ಎನ್ನುವಷ್ಟು ಸರಳವಾಗಿ ಅವನಿಗೆ ಈ ಲೆಕ್ಕ ತೋರಿತು.

ಪೇಟೆಯ ದೊಡ್ಡ ಅಂಗಡಿಗೆ ಹೋಗಿ, ಹಳೆಯ ಮದುವೆಯ ಡಿಸ್ಕು ಹೊಸ ಯಂತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆಯೇ ಎಂದು ವಿಚಾರಿಸಿದ. ಅಂಗಡಿಯವನು ಒಳ್ಳೆಯವನು. ಮಾರುವ ಆಸೆಯಿದ್ದರೂ ಸುಳ್ಳು ಹೇಳಲಿಲ್ಲ.

"ಯಜಮಾನರೇ, ಹೊಸ ಡಿಸ್ಕು ಕನ್ನಡಿ ಥರ ಕಾಣುತ್ತೆ. ಹಳೇದು ಒಂಚೂರು ಉತ್ತಮ ಆಗಬಹುದು, ಅಷ್ಟೇ. ಡಿಸ್ಕಲ್ಲಿ ಇಲ್ಲದ್ದನ್ನ ಯಂತ್ರ ಎಲ್ಲಿಂದ ತರುತ್ತೆ?"

ಆಸೆ ಹೊತ್ತು ಬಂದವನಿಗೆ 'ಒಂಚೂರು' ಎಂಬ ಮಾತೊಂದೇ ಕೇಳಿಸಿತು. ಯಂತ್ರವನ್ನು ಕೊಂಡು ತಂದ.

ಮನೆಯವರನ್ನೆಲ್ಲ ಕೂರಿಸಿಕೊಂಡು ಡಿಸ್ಕ್ ಹಾಕಿದ. ಚಪ್ಪರದ ಬಣ್ಣದ ಕಾಗದ ಸ್ವಲ್ಪ ಹೆಚ್ಚು ಹೊಳೆಯಿತು. ಹಸೆಮಣೆಯ ಮೇಲೆ ಕುಳಿತ ಮದುಮಗ ಚೆನ್ನಾಗಿ ಕಂಡ. ಮಾವ ಕಂಡರು, ಪುರೋಹಿತರು ಕಂಡರು, ಕುರ್ಚಿಯ ಮೇಲೆ ನಿದ್ದೆ ಮಾಡುತ್ತಿದ್ದ ಒಬ್ಬ ನೆಂಟರಂತೂ ಎಲ್ಲರಿಗಿಂತ ಸ್ಪಷ್ಟವಾಗಿ ಕಂಡರು. ಅಕ್ಕ ಬಿಂದಿಗೆ ಹಿಡಿದು ಹಾದುಹೋದಳು. ಹಿಂದೆ ಹೇಗೆ ಕಲಸಿಹೋಗಿದ್ದಳೋ ಹಾಗೆಯೇ ಇದ್ದಳು.

ವ್ಯಾಪಾರಿಗೆ ಅಳು ಬರುವಂತಾಯಿತು. ಅಂಗಡಿಯವನ ಮಾತು ಈಗ ಪೂರ್ತಿಯಾಗಿ ಕೇಳಿಸಿತು. ಹೆಂಡತಿ ಅಡುಗೆ ಮಾಡಲು ಎದ್ದು ಹೋದಳು. ಮಗಳು ಪಕ್ಕದಲ್ಲೇ ಕುಳಿತಿದ್ದಳು. ಇನ್ನು ನೋಡುವುದು ಏನೂ ಇಲ್ಲವೆಂದು ಅವನು ರಿಮೋಟ್ ಕೈಗೆ ತೆಗೆದುಕೊಂಡ. ಹೊಸ ರಿಮೋಟಿನಲ್ಲಿ ಇರುವೆ ಸಾಲಿನ ಹಾಗೆ ಗುಂಡಿಗಳು. ಓಡಿಸುವುದು ಯಾವುದು, ನಿಲ್ಲಿಸುವುದು ಯಾವುದು, ಅವನಿಗೆ ತಿಳಿಯಲಿಲ್ಲ. ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿರುವಾಗಲೇ ಊಟದ ಪಂಕ್ತಿ ಬಂದುಬಿಟ್ಟಿತು. ಆ ಮನೆಯಲ್ಲಿ ಮೊದಲ ಸಲ ಪಂಕ್ತಿಯ ಊಟ ಓಡದೆ ನಡೆಯಿತು.

ಎಲೆಗಳ ಸಾಲು. ಅನ್ನ ಬಡಿಸಿಕೊಂಡು ಒಬ್ಬ ಹೋದ. ಅವನ ಹಿಂದೆ ಸಾರಿನ ಬಕೆಟ್ಟು ಹಿಡಿದು ಅಕ್ಕ ಬಂದಳು. ಒಂದೊಂದು ಎಲೆಗೆ ಒಂದೊಂದು ಸೌಟು ಸುರಿದು ಮುಂದೆ ಹೋಗುತ್ತಿದ್ದಳು. ಅವಸರದ ಕೆಲಸ, ನಿಲ್ಲುವಂತಿಲ್ಲ. ಮುಖ ಇಲ್ಲಿಯೂ ಮಸುಕೇ.

ಆಗ ವ್ಯಾಪಾರಿಗೆ ತಿಳಿಯಿತು. ಕುಳಿತವರೆಲ್ಲ ಸ್ಪಷ್ಟವಾಗಿದ್ದಾರೆ. ಓಡಾಡಿದವಳು ಮಾತ್ರ ಕಲಸಿಹೋಗಿದ್ದಾಳೆ. ಅವಳು ನಿಂತಿದ್ದರೆ ಅವಳ ಮುಖ ಸಿಗುತ್ತಿತ್ತು. ಆದರೆ ಅವಳು ನಿಂತಿದ್ದರೆ ಆ ಮದುವೆ ನಡೆಯುತ್ತಿರಲಿಲ್ಲ.

ಅಕ್ಕ ಮದುಮಗನ ಎಲೆಯ ಹತ್ತಿರ ಬಂದಳು. ಅಲ್ಲಿ ನಿಂತಳು. ಮುಖ ಕಾಣದಷ್ಟು ಎಲೆಯ ಮೇಲೆ ಬಗ್ಗಿ, ಸೌಟಿನ ಬೆನ್ನಿನಿಂದ ಅನ್ನದ ನಡುವೆ ಮೆಲ್ಲಗೆ ಒತ್ತಿ ಒಂದು ಗುಳಿ ಮಾಡಿದಳು. ಅದರೊಳಗೆ ಸಾರು ಬಿಟ್ಟಳು. ಸಾರು ಹರಿಯದೆ ನಿಂತಿತೆಂದು ನೋಡಿಕೊಂಡು ಮುಂದಿನ ಎಲೆಗೆ ಹೋದಳು. ಮುಂದಿನವರ ಅನ್ನಕ್ಕೆ ಗುಳಿ ಇಲ್ಲ. ಆ ಪಂಕ್ತಿಯಲ್ಲೆಲ್ಲ ಗುಳಿ ಇದ್ದದ್ದು ಒಂದೇ ಎಲೆಯಲ್ಲಿ.

ಅವನು ಚಿಕ್ಕವನಿದ್ದಾಗ, ಸಾರು ಹರಿದು ಪಲ್ಯಕ್ಕೆ ತಾಗಿದರೆ ಉಣ್ಣದೆ ಹಟ ಹಿಡಿದು ಅಳುತ್ತಿದ್ದ. ಅದಕ್ಕೇ ಅಕ್ಕ ಗುಳಿ ಮಾಡಿ ಬಡಿಸುತ್ತಿದ್ದಳು. ಹಟ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಮೀಸೆ ಬಂದಿತ್ತು, ಅಂಗಡಿ ಬಂದಿತ್ತು, ಅಂದು ಹಣೆಗೆ ಬಾಸಿಂಗವೂ ಬಂದಿತ್ತು. ಮಂದಿಯೆಲ್ಲ ಸಾರಿಗಾಗಿ ಕಾಯುತ್ತಿದ್ದ ಆ ಗಡಿಬಿಡಿಯಲ್ಲೂ ಅವಳ ಕೈ ಮರೆತಿರಲಿಲ್ಲ.

ಚಿತ್ರದೊಳಗಿನ ಮದುಮಗ ಪಕ್ಕದ ಗೆಳೆಯನ ಕಡೆ ತಿರುಗಿ ನಗುತ್ತಿದ್ದ. ಗುಳಿಯನ್ನು ನೋಡಲಿಲ್ಲ, ಅಕ್ಕನನ್ನೂ ನೋಡಲಿಲ್ಲ. ಸುಮ್ಮನೆ ಕಲಸಿ ಉಂಡ.

ಅಷ್ಟರಲ್ಲಿ ಡಿಸ್ಕ್ ಮುಗಿಯಿತು. ವಿಡಿಯೋದವನು ಮೊದಲ ಪಂಕ್ತಿ ಹಿಡಿದು, ತಾನೂ ಉಂಡು, ಸಾಮಾನು ಕಟ್ಟಿಕೊಂಡು ಹೋಗಿದ್ದ. ಬಡಿಸಿದವರು ಕೂರುವುದು ಕಡೆಯ ಪಂಕ್ತಿಯಲ್ಲಿ. ಅದನ್ನು ಯಾರೂ ಹಿಡಿಯುವುದಿಲ್ಲ.

ವ್ಯಾಪಾರಿ ಎದ್ದು, ಮೂಲೆಗೆ ಸರಿಸಿದ್ದ ಹಳೆಯ ಯಂತ್ರಕ್ಕೆ ತಂತಿ ಸಿಕ್ಕಿಸಿ ಅದೇ ಡಿಸ್ಕನ್ನು ಹಾಕಿದ. ಪಂಕ್ತಿ ಬಂತು. ಅಕ್ಕ ಬಂದಳು, ನಿಂತಳು, ಬಗ್ಗಿದಳು. ಹಳೆಯ ಯಂತ್ರದಲ್ಲೂ ಗುಳಿ ಕಂಡಿತು. ಇಷ್ಟು ವರ್ಷವೂ ಅದು ಅಲ್ಲೇ ಇತ್ತು. ಅವನು ಎದ್ದುನಿಂತು ಆ ಚಿತ್ರಕ್ಕೆ ಕೈ ಮುಗಿದ. ಅವನಿಗೆ ದುಃಖವಾಗಲಿಲ್ಲ. ಹೊಟ್ಟೆ ತುಂಬ ಉಂಡು ಎದ್ದವನಿಗೆ ಆಗುವ ಹಾಗೆ ಎದೆ ತುಂಬಿತು. ಇಂಥ ಅನ್ನ ಉಂಡು ಬೆಳೆದೆನಲ್ಲ ಎಂದುಕೊಂಡ.

ಊಟಕ್ಕೆ ಕರೆ ಬಂತು. ಹೆಂಡತಿ ಅನ್ನ ಬಡಿಸಿದಳು. ವ್ಯಾಪಾರಿಯ ಬೆರಳುಗಳು ಎಂದಿನಂತೆ ತಾವಾಗಿಯೇ ಅನ್ನದ ನಡುವೆ ಹೋಗಿ ಒತ್ತಿದವು. ಅವನು ಬೆರಳುಗಳನ್ನು ನೋಡಿದ. ದಿನವೂ ಹೀಗೆಯೇ ಉಣ್ಣುತ್ತಿದ್ದ. ಯಾರು ಕಲಿಸಿದರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ತಲೆಯೆತ್ತಿ ನೋಡಿದರೆ ಎದುರಿಗೆ ಮಗಳು. ಅವಳೂ ತನ್ನ ತಟ್ಟೆಯ ಅನ್ನಕ್ಕೆ ಪುಟ್ಟ ಬೆರಳಿನಿಂದ ಗುಳಿ ಮಾಡಿಕೊಂಡು ಸಾರಿಗೆ ಕಾಯುತ್ತಿದ್ದಳು.

"ಅತ್ತೆ ಹೇಗಿದ್ದಳು ಅಂತ ಕೇಳಿದ್ದೆಯಲ್ಲ," ಎಂದ ವ್ಯಾಪಾರಿ. "ನಿನ್ನ ತಟ್ಟೆ ನೋಡಿಕೋ ಮಗಳೇ. ಹೀಗಿದ್ದಳು."

ಆಮೇಲೆ ಅವನು ಹೆಂಡತಿಯ ಕೈಯಿಂದ ಸೌಟು ತೆಗೆದುಕೊಂಡು, ಅವಳನ್ನು ಕೂರಿಸಿ, ಅವಳ ಅನ್ನದ ನಡುವೆ ಗುಳಿ ಮಾಡಿ ಸಾರು ಬಿಟ್ಟ. ಅಭ್ಯಾಸವಿಲ್ಲದ ಕೈ, ಸಾರು ಅಷ್ಟಿಷ್ಟು ಚೆಲ್ಲಿತು. ಅವಳು ನಕ್ಕಳು.

ಗುರುಗಳು ಕತೆ ನಿಲ್ಲಿಸಿದರು.

ಶಿವನಂಜಪ್ಪ ಕಣ್ಣು ಒರೆಸಿಕೊಂಡ. ಕತೆ ಮನಸ್ಸಿಗೆ ನಾಟಿತ್ತು, ನಿಜ. ಆದರೆ ಊರಿಗೆ ಹೋದ ಮೇಲೆ ಏನು ಮಾಡಬೇಕೆಂಬುದು ಅದರಲ್ಲಿ ಸಿಗಲಿಲ್ಲ. ವ್ಯಾಪಾರಿ ಹೊಸ ಯಂತ್ರ ಕೊಂಡದ್ದರಿಂದ ಒಳ್ಳೆಯದಾಯಿತು; ಹಳೆಯದರಲ್ಲೂ ಕಂಡಿತು ಎಂದ ಮೇಲೆ ಕೊಳ್ಳದಿದ್ದರೂ ನಡೆಯುತ್ತಿತ್ತು. ಹಾಗಾದರೆ ತಾನು ಕೊಳ್ಳಲೋ ಬೇಡವೋ ಎಂದು ಮೆಲ್ಲಗೆ ಮತ್ತೆ ಕೇಳಿದ.

ಒಳಗೆ ದಾಸೋಹದ ಮನೆಯಿಂದ ಬಕೆಟ್ಟಿನ ಸದ್ದು ಬರುತ್ತಿತ್ತು. ಇನ್ನೊಂದು ಪಂಕ್ತಿ ಕೂರುತ್ತಿತ್ತು. ಗುರುಗಳು ಆ ಕಡೆ ನೋಡಿದರು, ಆಮೇಲೆ ಶಿಷ್ಯನನ್ನು ನೋಡಿದರು.

"ನಿನ್ನ ಜೊತೆ ಬಂದ ಸರ್ವಮಂಗಳ ತಾಯಿಯ ಪ್ರಸಾದ ಆಯಿತೇ, ಶಿವನಂಜಪ್ಪ?"

ಕೇಳಿ ಬರುತ್ತೇನೆಂದು ಶಿವನಂಜಪ್ಪ ಎದ್ದು ದಾಸೋಹದ ಮನೆಯ ಕಡೆ ನಡೆದ.